ಗೋಡೆ ಕಡೆ ತಿರುಗದ ಮುಖ

ಶುಕ್ರವಾರ ಸಂಜೆ,
ಮೈದಾನದ ಸಾಮಾನು ಕೋಣೆ

ಪ್ರೀತಿಯ ಅಕ್ಕಾ,

ನಿನ್ನ ಹಿಮ್ಮಡಿ ನೋವು ಹೇಗಿದೆ? ಆಸ್ಪತ್ರೆಯ ಬಟ್ಟೆ ಒಗೆಯುವ ಯಂತ್ರದ ಮುಂದೆ ದಿನವಿಡೀ ನಿಂತಿರುವವಳು, ಫೋನಿನಲ್ಲಿ ಮಾತ್ರ "ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ" ಅನ್ನುತ್ತೀಯ. ಅಷ್ಟು ಬೇಗ ಬರುವ ಉತ್ತರವನ್ನು ನಾನು ನಂಬುವುದಿಲ್ಲ. ನೀರಿನ ಬಿಲ್ಲಿನ ಕೌಂಟರಿನಲ್ಲಿ ಕೂತು ಕೂತು ಸುಳ್ಳಿನ ವಾಸನೆ ಹಿಡಿಯುವುದನ್ನು ಕಲಿತಿದ್ದೇನೆ. ನಾನು ಆರಾಮ. ಹೊಟ್ಟೆ ಮುಂದೆ, ಕೂದಲು ಹಿಂದೆ, ಉಳಿದದ್ದು ಎಂದಿನಂತೆ.

ನಿನ್ನ ಮಗಳು ಹೊಟ್ಟೆ ತುಂಬ ಉಣ್ಣುತ್ತಾಳೆ, ಓದುತ್ತಿದ್ದೇನೆ ಅನ್ನುತ್ತಾಳೆ, ನನ್ನ ಸಾಕ್ಸ್ ಹಾಕಿಕೊಂಡೇ ನಾನು ಹಾಕಿಕೊಂಡಿಲ್ಲ ಅನ್ನುತ್ತಾಳೆ. ಮುಂದಿನ ವಾರದ ಭಾನುವಾರ ಆಯ್ಕೆ ಪಂದ್ಯಕ್ಕೆ ನೀನು ರಜೆ ಹಾಕಿ ಬರುವ ಸುದ್ದಿ ಕೇಳಿದ ಮೇಲೆ ನಮ್ಮ ಗುಬ್ಬಿಯ ಕಾಲು ನೆಲದ ಮೇಲಿಲ್ಲ. ಅಮ್ಮ ತನ್ನ ಆಟ ನೋಡುವುದು ಇದೇ ಮೊದಲು ಅಂತ ಕಂಡಕಂಡವರಿಗೆಲ್ಲ ಹೇಳಿದ್ದಾಳೆ, ಪಾಪ, ಹಾಲಿನವನಿಗೂ.

ಹೋದ ವರ್ಷ ನಾನು ಕಲಿಸುವ ಫುಟ್‌ಬಾಲ್ ತಂಡದ ಇಬ್ಬರು ಹುಡುಗಿಯರು ತೊಡೆಸಂದಿನ ಸ್ನಾಯು ಎಳೆಸಿಕೊಂಡು ಮೂಲೆ ಸೇರಿದ್ದರಲ್ಲ, ಆಮೇಲೆ ಫಿಸಿಯೋ ಮೇಡಂ ಬಂದು, ಆಟಕ್ಕೆ ಮುಂಚೆ ಮೈ ಬಿಸಿ ಮಾಡಿಕೊಳ್ಳುವ ಕಸರತ್ತು ಹೇಳಿಕೊಟ್ಟರು. ಆ ಜಾಗದ ಹೆಸರೆತ್ತಿದರೆ ಮಕ್ಕಳು ಕಿಸಕ್ಕನೆ ನಗುತ್ತವೆ, ಅಪ್ಪಂದಿರು ಆಕಾಶ ನೋಡುತ್ತಾರೆ. ಅದಕ್ಕೇ ನಾನೊಂದು ಪ್ರಾಸ ಕಟ್ಟಿದೆ: "ಮಂಡಿ ನಡುವೆ ಚೆಂಡು, ಹಿಂಡು ತಾಯಿ ಹಿಂಡು, ನೋವು ಬಂದರೆ ಹೇಳು, ನುಂಗಿಕೊಂಡರೆ ಗೋಳು." ಈಗ ಇಡೀ ಬೀದಿಗೆ ಬಾಯಿಪಾಠ. ನಿಧಾನದ ಓಟ, ಅಡ್ಡಹೆಜ್ಜೆ, ಚೆಂಡು ಹಿಂಡುವುದು, ಎಲ್ಲ ಮುಗಿದ ಮೇಲೆ ಜೋಡಿ ಕಸರತ್ತು. ಒಬ್ಬಳು ಮಗ್ಗುಲಾಗಿ ಮಲಗಿ ಮೊಣಕೈ ಊರಬೇಕು, ಅವಳ ಮೇಲಿನ ಕಾಲನ್ನು ಜೊತೆಗಾತಿ ಹಿಡಿದಿರಬೇಕು, ಆ ಕಾಲಿನ ಬಲದಲ್ಲೇ ಸೊಂಟ ಮೇಲೇಳಬೇಕು. ನಾನು "ಬದಲಿಸು" ಅಂದಾಗ ಮಗ್ಗುಲು ಬದಲು, ಕಾಲೂ ಬದಲು. ನನ್ನ ಕಡೆ ಇದ್ದ ಮುಖಗಳೆಲ್ಲ ಗೋಡೆ ಕಡೆ.

ಇವತ್ತು ಬೆಳಿಗ್ಗೆ "ಬದಲಿಸು" ಅಂದೆ. ಎಲ್ಲರ ಜಡೆ ನನ್ನ ಕಡೆ ಬಂತು. ಒಂದು ಮುಖ ಮಾತ್ರ ನನ್ನನ್ನೇ ನೋಡುತ್ತಿತ್ತು. ಗುಬ್ಬಿ ಎದ್ದು, ಮೈ ಕೊಡವಿ, ಮತ್ತೆ ಅದೇ ಮಗ್ಗುಲಿಗೆ ಮಲಗಿದ್ದಳು. ಎಡಗಾಲಿನ ಸರದಿಯನ್ನೂ ಬಲಗಾಲಿಗೇ ಕೊಟ್ಟಿದ್ದಳು. ಕಾಲು ಹಿಡಿದಿದ್ದವಳು ಅವಳ ಗೆಳತಿ, ನಮ್ಮ ತಂಡದ ಗೋಲ್‌ಕೀಪರ್. ಅವಳು ನೆಲ ನೋಡುತ್ತಿದ್ದಳು.

ಗುಬ್ಬಿಯನ್ನು ಪಕ್ಕಕ್ಕೆ ಕರೆದು ಚೆಂಡು ಕೊಟ್ಟು ಹಿಂಡು ಅಂದೆ. ಹಿಂಡಿದಳು, ಕಣ್ಣಲ್ಲಿ ನೀರು ಬಂತು. "ಬೈಬೇಡ ಮಾಮ. ಅಮ್ಮ ಬಂದು ಹೋಗ್ಲಿ, ಆಮೇಲೆ ನೀನು ಹೇಳಿದಷ್ಟು ದಿನ ಕೂತಿರ್ತೀನಿ. ನಾನು ಆಡಲ್ಲ ಅಂತ ಗೊತ್ತಾದ್ರೆ ಅಮ್ಮ ರಜೆ ವಾಪಸ್ ಮಾಡ್ತಾಳೆ. ಸ್ಕೂಲಿನ ನಾಟಕ ನಿಂತುಹೋದಾಗ ಮಾಡಲಿಲ್ವಾ?"

ಮಧ್ಯಾಹ್ನ ಫಿಸಿಯೋ ನೋಡಿ, ನನ್ನೊಬ್ಬನನ್ನೇ ಕರೆದು ಹೇಳಿದರು. ಸ್ನಾಯು ಎಳೆದಿದೆ, ಹರಿದಿಲ್ಲ. ಕೆಲವು ವಾರ ಬಿಡುವು ಕೊಟ್ಟರೆ ಸರಿಹೋಗುತ್ತದೆ. ಆಡಿಸಿದರೆ ಹರಿಯಬಹುದು. ಗುಬ್ಬಿಗೆ ಇನ್ನೂ ಹೇಳಿಲ್ಲ. ಕಿಟಕಿಯಾಚೆ ಚಿಕ್ಕವರಿಗೆ ಚೆಂಡು ಎತ್ತಿಕೊಡುತ್ತಿದ್ದಾಳೆ, ಎಡಗಾಲನ್ನು ಜೋಪಾನ ಮಾಡಿಕೊಂಡು. ನಿನಗೆ ಫೋನಿನಲ್ಲಿ ಹೇಳೋಣವೆಂದರೆ ಅವಳ ಕಿವಿ ನನ್ನ ಮಗ್ಗುಲಲ್ಲೇ ಇರುತ್ತದೆ. ಅದಕ್ಕೇ ಈ ಕಾಗದ. ಹೊತ್ತಿಗೆ ಸರಿಯಾಗಿ ಉಣ್ಣು, ಸಿಕ್ಕಲ್ಲಿ ಕೂರು.

ಏನು ಮಾಡಲೂ ತೋಚದ
ನಿನ್ನ ತಮ್ಮ

ತಾ.ಕ.: ಕವರು ಅಂಟಿಸುವ ಮುಂಚೆ ಹೊರಗೆ ಹೋಗಿ ಗುಬ್ಬಿಗೆ ಹೇಳಿಬಂದೆ, ಭಾನುವಾರ ನೀನು ಆಡುವುದಿಲ್ಲ ಅಂತ. ಈಗ ಕೂತು ಬೂಟಿನ ಲೇಸು ಬಿಚ್ಚುತ್ತಿದ್ದಾಳೆ. ಅಕ್ಕಾ, ಇದು ಕೈಸೇರಿದ ತಕ್ಷಣ ಅವಳಿಗೇ ಫೋನ್ ಮಾಡು. ಮೊದಲು ನಿನ್ನ ಹಿಮ್ಮಡಿ ನಿಜವಾಗಿ ಎಷ್ಟು ನೋಯುತ್ತದೆ ಹೇಳು, ಆಗ ಅವಳೂ ತನ್ನದು ಹೇಳುತ್ತಾಳೆ. ರಜೆ ಮಾತ್ರ ವಾಪಸ್ ಮಾಡಬೇಡ. ಬೆಂಚಿನಲ್ಲಿ ಅವಳ ಪಕ್ಕ ನಿನಗೆ ಜಾಗ ಹಿಡಿದಿಟ್ಟಿರುತ್ತೇನೆ.