ತಾವಾಗಿಯೇ ಒಣಗಿದ ಮರಗಳು

ಮಾನ್ಯ ಅರಣ್ಯಾಧಿಕಾರಿಗಳೇ,

ನಿಮ್ಮ ಮೇಜಿನ ಮೇಲೆ ಒಂದು ಸುಳ್ಳು ಅರ್ಜಿ ಇದೆ. ಸೋಮವಾರ ನೀವು ಅದಕ್ಕೆ ಸಹಿ ಹಾಕಲಿದ್ದೀರಿ. ಊರಿನ ಮೇಲಿನ ಇಳಿಜಾರಿನಲ್ಲಿ ನೂರಹನ್ನೆರಡು ಮರಗಳು ತಾವಾಗಿಯೇ ಒಣಗಿವೆ, ಕಡಿಯಲು ಅಪ್ಪಣೆ ಬೇಕು ಎಂದು ಅದರಲ್ಲಿದೆ. ಸುಳ್ಳೆಂದು ನನಗೆ ಹೇಗೆ ಗೊತ್ತು ಎನ್ನುತ್ತೀರಾ? ಬರೆದವನು ನಾನೇ.

ನಿಮ್ಮ ಕಚೇರಿಯ ಮೆಟ್ಟಿಲ ಪಕ್ಕ ಮಡಚುವ ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವವನು ನಾನು. ಒಣಮರವನ್ನಷ್ಟೇ ಕಡಿಯಬಹುದು ಎಂಬುದು ನಿಮ್ಮ ನಿಯಮ. ಎಂಥ ಕರುಣೆ. ಸೊಂಟದೆತ್ತರದಲ್ಲಿ ಸುತ್ತಲೂ ಒಂದು ಗೇಣು ತೊಗಟೆ ಸುಲಿದರೆ ಎಂಥ ಮರವೂ ನಿಂತಲ್ಲೇ ಸಾಯುತ್ತದೆ. ಹಾಗೆ ಸುಲಿಸಿದ ಗುತ್ತಿಗೆದಾರ ಆಮೇಲೆ ನನ್ನ ಬಳಿ ಬರುತ್ತಾನೆ, ನಾನು ಬರೆಯುತ್ತೇನೆ, ನೀವು ಸಹಿ ಹಾಕುತ್ತೀರಿ. ಮರ ಸಾಗಿಸಿದ ದಾರಿಯೇ ರಸ್ತೆಯಾಗುತ್ತದೆ, ರಸ್ತೆಯ ಬದಿಗೆ ಮನೆ, ಮನೆಗೆ ಬಾಗಿಲು, ಬಾಗಿಲಿಗೆ ಮುಂದಿನ ಇಳಿಜಾರಿನ ಮರ. ಹತ್ತು ವರ್ಷಕ್ಕೊಮ್ಮೆ ಸಮೀಕ್ಷೆ ನಡೆದು, ಸೌದೆ ಹೊರುವ ಹೆಂಗಸರೇ ಇದಕ್ಕೆಲ್ಲ ಕಾರಣ ಎಂದು ವರದಿ ಬರುತ್ತದೆ.

ಗಿರಾಕಿಗಳಿಲ್ಲದಾಗ ನಾನು ಕಾಡು ಉಳಿಸಿ ಎನ್ನುವ ಕಿರುಹೊತ್ತಿಗೆ ಓದುತ್ತೇನೆ. ಕಾಡು ನುಂಗುವ ದೊಡ್ಡ ಕಂಪನಿಗಳೆಲ್ಲ ನನಗೆ ಬಾಯಿಪಾಠ. ದೂರದವರನ್ನು ಬೈಯುವುದು ಹಿತವಾಗಿತ್ತು. ಅಲ್ಲೆಲ್ಲೂ ನನ್ನ ಪೆನ್ನಿನ ಪ್ರಸ್ತಾಪವಿರಲಿಲ್ಲ. ಕಳೆದ ವಾರ ಊಟಕ್ಕೆ ಕೂತಾಗ, ಮರ ಕಡಿಯುವ ಕೂಲಿಯಾದ ನನ್ನ ಚಿಕ್ಕಪ್ಪನಿಗೇ ಉಪದೇಶ ಶುರುಮಾಡಿದೆ. ಅವರು ತಟ್ಟೆಯಿಂದ ತಲೆ ಎತ್ತಲಿಲ್ಲ.

"ಒಂದು ಮರ ಬೀಳಿಸೋಕೆ ನಂಗೆ ಅರ್ಧ ದಿನ ಬೇಕು ಕಣೋ. ನೀನು ಒಂದೇ ಸಾಲಲ್ಲಿ ನೂರು ಬೀಳಿಸ್ತೀಯ. ಕೈ ತೋರ್ಸು ನೋಡೋಣ, ಒಂದಾದ್ರೂ ಜಡ್ಡು ಕಟ್ಟಿದ್ಯಾ?"

"ಊಟದ ಹೊತ್ತಲ್ಲಿ ಬಿಡಿ ಅವನನ್ನ," ಎಂದಳು ಅಮ್ಮ.

"ಬಿಡಲ್ಲ ಅತ್ತಿಗೆ. ಆ ಇಳಿಜಾರಿನ ಕೆಳಗಿನ ಒರತೆಯಿಂದ ತಾನೇ ನೀವು ನೀರು ತರೋದು? ಮರ ಯಾವಾಗ ಒಣಗ್ತು ಅಂತ ಇವನನ್ನೇ ಕೇಳಿ."

ಅಮ್ಮ ನೀರಿನ ಲೋಟವನ್ನು ನನ್ನ ಕಡೆಗೆ ಸರಿಸಿದಳು.

ಮರುದಿನ ಆ ಇಳಿಜಾರು ಹತ್ತಿ ನೋಡಿದೆ. ಅರ್ಜಿ ಬರೆಯತೊಡಗಿದ ನಾಲ್ಕು ವರ್ಷಗಳಲ್ಲಿ ಅದೇ ಮೊದಲ ಸಲ. ಮರ ಸಾಯುವತನಕ ಕಾಯುವ ತಾಳ್ಮೆಯೂ ಗುತ್ತಿಗೆದಾರನಿಗೆ ಈಗ ಇಲ್ಲ. ಮುಂದಿನ ಸಾಲಿನ ಒಂಬತ್ತೇ ಮರಗಳ ತೊಗಟೆ ಸುಲಿದಿದ್ದಾರೆ. ಉಳಿದ ನೂರಮೂರು, ನನ್ನ ಅಕ್ಷರದಲ್ಲಿ ಸತ್ತು, ಇಳಿಜಾರಿನಲ್ಲಿ ಹಸಿರಾಗಿ ನಿಂತಿವೆ.

ಇಷ್ಟು ವರ್ಷ ನಾನು ನೋಡದೆ ಬರೆದೆ, ನೀವು ನೋಡದೆ ಸಹಿ ಹಾಕಿದಿರಿ. ಈ ಒಂದು ಸಲ ಸಹಿಗೆ ಮುಂಚೆ ಇಳಿಜಾರು ಹತ್ತಿ, ತಲೆ ಎತ್ತಿ ಎಲೆ ನೋಡಿ. ಅರ್ಜಿ ತಿರಸ್ಕರಿಸಿ. ಹಾಗೆಯೇ ನನ್ನ ಮೇಲೆ ಮೊಕದ್ದಮೆ ಹೂಡಿ. ಸಾಕ್ಷಿಗೆ ನನ್ನ ಕೈಬರಹ ನಿಮ್ಮ ಕಪಾಟಿನ ತುಂಬ ಇದೆ. ಆದರೆ ಆ ದೂರನ್ನು ಬೇರೆ ಯಾರಿಂದಲಾದರೂ ಬರೆಸಿ. ನಾನು ಬರೆದರೆ, ಇವನು ತಾನಾಗಿಯೇ ಕೆಟ್ಟುಹೋದ ಎಂದು ಬಂದುಬಿಟ್ಟೀತು.

ಇಂತಿ,
ನಿಮ್ಮ ಮೆಟ್ಟಿಲ ಪಕ್ಕ ಕೂತು, ಒಂದು ಕಾಡನ್ನು ಅಂದವಾದ ಅಕ್ಷರದಲ್ಲಿ ಮುಗಿಸುತ್ತ ಬಂದವನು