ಬಳೆ ಸದ್ದಿನ ಕಾವಲು

ಸಿರುಗುಪ್ಪ
12-4-1951

ಪ್ರೀತಿಯ ದೊಡ್ಡಮ್ಮ,

ನಿನ್ನ ಪಾದಗಳಿಗೆ ನಿನ್ನ ವಿರೂಪಿಯ ನಮಸ್ಕಾರ. ಮದುವೆಯಾಗಿ ಎರಡು ತಿಂಗಳಾದರೂ ಒಂದು ಕಾಗದ ಬರೆಯಲಿಲ್ಲ. ಕಿವಿ ಹಿಂಡಬೇಕೆನಿಸಿದರೆ ಬಳ್ಳಾರಿಯಿಂದ ಬಸ್ಸು ಹತ್ತಿ ಬಾ! ನಾನು ಸುಖವಾಗಿದ್ದೇನೆ, ಬಹಳ ಬಹಳ ಸುಖವಾಗಿದ್ದೇನೆ. ಇವರು ಅಕ್ಕಿ ಗಿರಣಿಯಿಂದ ಬಂದರೆ ಮೀಸೆಯ ಮೇಲೂ ತೌಡು. ನಾನು ನಕ್ಕರೆ, "ಕಾನ್ವೆಂಟಿನಾಗ ಬರೇ ನಗೋದು ಕಲಿಸ್ಯಾರೇನು?" ಎಂದು ತಾವೂ ನಗುತ್ತಾರೆ.

ಇವತ್ತು ಬರೆಯದೆ ಇರಲಾಗಲಿಲ್ಲ. ಇವರ ಅಣ್ಣನ ಮಗಳು ಜಡೆಮ್ಮನಿಗೆ ಎಂಟು ವರ್ಷ. ಬುದ್ಧಿ ಚುರುಕು, ಕೈ ಅದಕ್ಕಿಂತ ಚುರುಕು. ಶಾಲೆಯಲ್ಲಿ ಯಾರಾದರೂ ಕೆಣಕಿದರೆ ಹೊಡೆದೇ ಬಿಡುತ್ತಾಳೆ. ಕಳೆದ ತಿಂಗಳು ಅತ್ತೆ, "ಇನ್ನೊಂದು ದೂರು ಬರ್ಲಿ, ಸಾಲಿ ಬಿಡಿಸಿ ಒಲಿ ಮುಂದ ಕುಂದ್ರಸ್ತೀನಿ" ಎಂದರು. ಅಂದೇ ಅವಳನ್ನು ಪಕ್ಕಕ್ಕೆ ಕರೆದೆ. ನಮ್ಮ ಕಾನ್ವೆಂಟಿನ ಮಿಸ್ ಕಲಿಸಿದ್ದ ಉಪಾಯ ಹೇಳಿಕೊಟ್ಟೆ: ಸಿಟ್ಟು ಬಂದಾಗ ಹತ್ತರವರೆಗೆ ಎಣಿಸು. ಮರುದಿನವೇ ಗೆಳತಿಯ ಬೆನ್ನಿಗೆ ಗುದ್ದಿ ಬಂದಳು!

"ಯಾಕ, ಜಡಿ?"

"ಹತ್ತು ಎಣಿಸಿದ್ನಲ್ಲ ಚಿಕ್ಕಮ್ಮ! ಎಣಿಸಿದ್ದು ಮುಗೀತು, ಹೊಡದೆ."

ಪುಣ್ಯಕ್ಕೆ ಅದು ಅತ್ತೆಯ ಕಿವಿಗೆ ಬೀಳಲಿಲ್ಲ.

ಆಗ ನೀನು ನೆನಪಾದೆ. ಸತ್ಯನಾರಾಯಣಪೇಟೆಯ ಮಾಳಿಗೆಯ ಮೇಲೆ ಸಂಡಿಗೆ ಹಾಕಿ ನನ್ನನ್ನು ಕಾವಲಿಗೆ ಕೂರಿಸುತ್ತಿದ್ದೆಯಲ್ಲ, ಅರೆ ಒಣಗಿದ್ದನ್ನೇ ಕದ್ದು ತಿನ್ನುವ ನನ್ನನ್ನು! ಮೊದಲ ದಿನ ನನ್ನ ಕೈ ಹಿಡಿದು ಪಕ್ಕದಲ್ಲೇ ಕುಳಿತೆ. ಆಮೇಲೆ ಮೆಟ್ಟಿಲ ಹತ್ತಿರ ನಿಂತು ಬರೀ ಕಣ್ಣಿಟ್ಟೆ. ಮತ್ತೊಂದು ದಿನ ಕೆಳಗೆ ಅಡುಗೆಮನೆಯಿಂದ, ಬೆಳಕಿಂಡಿಯ ಕೆಳಗೆ ನಿಂತು, ಆಗಾಗ ಬಳೆ ಅಲ್ಲಾಡಿಸಿದೆ. ಆ ಸದ್ದಿಗೆ ಚಾಚಿದ ಕೈ ಹಿಂದೆ ಬರುತ್ತಿತ್ತು. ಕಡೆಕಡೆಗೆ ನೀನು ಮನೆಯಲ್ಲಿ ಇಲ್ಲದಾಗಲೂ ನನಗದು ಕೇಳುತ್ತಿತ್ತು.

ನಾನೂ ಹಾಗೇ ಮಾಡಿದೆ, ಕೈ ತಡೆಯುವುದು ಕಲಿಯಲಿ ಎಂದು ಜಡಿಯನ್ನು ನಮ್ಮ ಮಾಳಿಗೆಯ ಸಂಡಿಗೆಗೆ ಕಾವಲು ಕೂರಿಸಿದೆ. "ಬೆಕ್ಕಿಗೆ ಹಾಲು ಕಾಯಾಕ ಹಚ್ಚೀದಿ ನೋಡು" ಎಂದು ಅತ್ತೆ ನಕ್ಕರು. ಮೊದಲೆರಡು ದಿನ ನಾನು ಎದ್ದು ಹೋದೊಡನೆ ಒಂದು ಸಾಲು ಸಂಡಿಗೆಯೇ ಮಾಯ! ನಾನು ಬೈಯಲಿಲ್ಲ, ಮತ್ತೆ ಹೋಗಿ ಕೈ ಹಿಡಿದು ಕುಳಿತೆ. ಹದಿನೈದು ದಿನಕ್ಕೆ ನಾನು ಅಡುಗೆಮನೆಗೆ ಇಳಿದು, ಅಲ್ಲಿಂದ ಬರೀ ಬಳೆ ಅಲ್ಲಾಡಿಸಿದೆ.

ನಿನ್ನೆ ಶಾಲೆಯಿಂದ ಓಡಿ ಬಂದಳು. ಮುಷ್ಟಿ ಬಿಗಿದಿತ್ತು. ಬಿಡಿಸಿ ನೋಡಿದರೆ ಅಂಗೈ ತುಂಬ ಅವಳದೇ ಉಗುರಿನ ಗುರುತು.

"ಚಿಕ್ಕಮ್ಮ, ಬಾಜೂಕ ಕುಂದ್ರೋ ಹುಡುಗಿ ನನ್ನ ಬರಿಯೋ ಪಾಟಿ ಒಡದ್ಲು. ಹೊಡ್ಯಾಕ ಕೈ ಎತ್ತಿದ್ದೆ. ಅಷ್ಟ್ರಾಗ ನಿನ್ನ ಬಳೆ ಸದ್ದಾತು."

"ನಾನು ಮನ್ಯಾಗ ಇದ್ನಲ್ಲ!"

"ಗೊತ್ತೈತಿ. ಆದ್ರೂ ಕೇಳಿಸ್ತು."

ಅತ್ತೆ ಒಳಗೆ ಹೋಗಿ ಸಂಡಿಗೆ ಕರಿದು ತಂದು ಅವಳ ಮಡಿಲಿಗೆ ಹಾಕಿದರು. ಆಮೇಲೆ ಇವರ ಕಡೆ ತಿರುಗಿ, "ಹೊಸ ಪಾಟಿ ತಾರಪ್ಪ. ಮುಂದಿನ ಕ್ಲಾಸಿಗೂ ಬೇಕಲ್ಲ" ಎಂದರು. ದೊಡ್ಡಮ್ಮ, ನಾನು ಕುಣಿಯುವುದೊಂದು ಬಾಕಿ! ಅವಳು ಓದುವ ಒಂದೊಂದು ಕ್ಲಾಸಿನಲ್ಲೂ ನಿನ್ನ ಪಾಲಿದೆ.

ಹರಸು. ನಿನ್ನ ಆರೋಗ್ಯ ನೋಡಿಕೋ.

ನಿನ್ನ ಮಡಿಲಲ್ಲಿ ಬೆಳೆದ
ವಿರೂಪಿ

ಮರೆತದ್ದಲ್ಲ, ಬರೆಯಲು ಹೆದರಿದ್ದು: ಎರಡು ತಿಂಗಳು ಕಾಗದ ಹಾಕದ್ದಕ್ಕೆ ಕಾರಣ ಇದು. ಮದುವೆಯಲ್ಲಿ ಬಳೆ ಇಡಿಸುವಾಗ, ದೊಡ್ಡಪ್ಪ ಹೋದ ಮೇಲೆ ಬರಿದಾದ ನಿನ್ನ ಕೈ ಹಸಿರು ಬಳೆ ಹಿಡಿದು ನನ್ನತ್ತ ಬಂತು. ಯಾರೂ ಏನೂ ಅನ್ನುವ ಮೊದಲೇ, "ನೀನು ಬ್ಯಾಡ ದೊಡ್ಡಮ್ಮ" ಎಂದವಳು ನಾನು. ನೀನು ನಕ್ಕು ಬಳೆಯನ್ನು ತಟ್ಟೆಗಿಟ್ಟೆ. ಎಂಟು ವರ್ಷದ ಹುಡುಗಿಗೆ ಕೇಳಿದ ಆ ಸದ್ದು ಅಂದು ನನಗೆ ಕೇಳಲಿಲ್ಲ. ನನ್ನ ಬಲಗೈಯ ಎರಡು ಬಳೆ ಒಡೆದಿವೆ, ಬೇರೆ ಇಡಿಸಿಕೊಂಡಿಲ್ಲ. ನಿನ್ನೆ ಅತ್ತೆಗೆ ಎಲ್ಲವನ್ನೂ ಹೇಳಿದೆ. "ಕರಸು ಆಕಿನ್ನ. ಸಾಕಿದ ಕೈಯೇ ಬಳೆ ಇಡ್ಲಿ" ಎಂದರು. ಬರುತ್ತೀಯಲ್ಲ?