ಒಜೆಲ್ಲಾ ಅಕ್ಕನಿಗೆ ಯಾರೂ ಇಲ್ಲವಂತೆ!

ಕ್ಯಾನ್ಸರ್ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಮ್ಮ ಒಜೆಲ್ಲಾ ಮೇಬ್ರಿ ಅಕ್ಕನಿಗೆ ಹೊಸ ಚಿಕಿತ್ಸೆ ಕೊಡಲಾಗದು, ಏಕೆಂದರೆ ಆಕೆಯನ್ನು ನೋಡಿಕೊಳ್ಳಲು ಯಾರೂ ಇಲ್ಲ ಎಂದು ತಮ್ಮ ವಿಭಾಗ ತೀರ್ಮಾನಿಸಿದೆ. ನಾವಿರುವ ದಕ್ಷಿಣ ಮೆಂಫಿಸ್‌ನಲ್ಲಿ ಈ ಮಾತು ಕೇಳಿ ನಗದವರಿಲ್ಲ. ನಕ್ಕ ಮೇಲೆ ಎಲ್ಲರಿಗೂ ಸಿಟ್ಟು ಬಂತು.

ಅಕ್ಕನಿಗಿರುವುದು ಮೂಳೆಮಜ್ಜೆಯ ಕ್ಯಾನ್ಸರ್. ಈ ರೋಗ ಬಿಳಿಯರಿಗಿಂತ ನಮ್ಮ ಕಪ್ಪುಜನರನ್ನೇ ಹೆಚ್ಚು ಹುಡುಕಿಕೊಂಡು ಬರುತ್ತದೆ. ಅದರ ಹೊಸ ಮದ್ದಿಗೆ ಮಾತ್ರ ನಮ್ಮ ಓಣಿಯ ದಾರಿಯೇ ಗೊತ್ತಿಲ್ಲ. ಹಳೆಯ ಔಷಧಿಗಳೆಲ್ಲ ಕೈಕೊಟ್ಟಿವೆ. ರೋಗಕ್ಕೆ ಮೂಳೆ ಟೊಳ್ಳಾಗಿ, ಮೊನ್ನೆ ಅಕ್ಕ ಬಾಣಲೆ ಎತ್ತಲು ಹೋಗಿ ಪಕ್ಕೆಲುಬು ಮುರಿದುಕೊಂಡಳು. ರೋಗಿಯದೇ ರಕ್ತಕಣಗಳನ್ನು ತೆಗೆದು, ರೋಗದ ಮೇಲೆ ಬೀಳುವಂತೆ ಪಳಗಿಸಿ, ಮರಳಿ ಮೈಗೆ ಬಿಡುವ ನಿಮ್ಮ ಚಿಕಿತ್ಸೆಯೊಂದೇ ಈಗ ಉಳಿದಿರುವ ದಾರಿ. ಅದಾದ ಮೇಲೆ ಒಂದು ತಿಂಗಳು ಹಗಲೂ ರಾತ್ರಿ ಜೊತೆಗೊಬ್ಬರು ಇರಬೇಕೆಂಬ ನಿಯಮ ನ್ಯಾಯವಾದದ್ದೇ. ಅಕ್ಕ ವಿಧವೆ, ಮಕ್ಕಳಿಲ್ಲ. ಅದಕ್ಕೇ ಚರ್ಚಿನ ಹೆಂಗಸರಾದ ನಾವೆಲ್ಲ ಆ ತಿಂಗಳಿಗೆ ಸರದಿ ಹಾಕಿಕೊಂಡು, ಭಾನುವಾರ ಚರ್ಚಿಗೆ ಹಾಕುವ ಟೋಪಿ ತೊಟ್ಟು, ಅಕ್ಕನ ಜೊತೆ ನಿಮ್ಮ ಕಚೇರಿಗೇ ಬಂದೆವು.

ನಿಮ್ಮ ಸಿಬ್ಬಂದಿಯ ಹುಡುಗಿ ನಮ್ಮನ್ನೆಲ್ಲ ನೋಡಿ, "ಇವ್ರೆಲ್ಲ ನಿಮ್ಗೆ ಏನಾಗ್ಬೇಕು?" ಎಂದು ಕೇಳಿದಳು.

"ಇವ್ಳು ನಮ್ಮಮ್ಮ ಹಾಸಿಗೆ ಹಿಡ್ದಾಗ ಮೈ ಒರೆಸ್ದೋಳು. ಅವ್ಳು ನನ್ ಗಂಡನ್ ಹೆಣಕ್ಕೆ ಟೈ ಕಟ್ದೋಳು. ಇನ್ನೇನಾಗ್ಬೇಕಮ್ಮ?" ಅಂದಳು ಅಕ್ಕ.

"ಹಂಗಲ್ಲ ಮೇಡಂ, ರಕ್ತಸಂಬಂಧ..."

"ನನ್ ರಕ್ತದಲ್ಲಿ ಈಗ ಉಳ್ದಿರೋದು ಕ್ಯಾನ್ಸರ್ ಒಂದೇ. ಅದನ್ನೇ ಕೂರಿಸ್ಕೊಳ್ಲಾ ಜೊತೆಗೆ?"

ನಾವು ನಕ್ಕೆವು, ಆ ಹುಡುಗಿ ನಗಲಿಲ್ಲ. ವಾರದೊಳಗೆ ‘ಆಸರೆಯಿಲ್ಲ’ ಎಂಬ ಉತ್ತರ ಬಂತು.

ಈಗ ಹೇಳಿ. ಅಂದು ಪಕ್ಕದ ಕುರ್ಚಿಯಲ್ಲಿದ್ದ ಬಿಳಿಯ ಗೃಹಸ್ಥರಿಗೂ ಇದೇ ರೋಗ, ಇದೇ ಒಂಟಿತನ. ಅವರು ತಮ್ಮ ಜೊತೆ ಮೀನು ಹಿಡಿಯಲು ಬರುವ ಗೆಳೆಯನ ಹೆಸರು ಹೇಳಿದರು. ಆ ಗೆಳೆಯನ ರಕ್ತ ಯಾವುದೆಂದು ಯಾರೂ ಕೇಳಲಿಲ್ಲ. ಅವರು ಚಿಕಿತ್ಸೆ ಮುಗಿಸಿ ಮನೆಗೂ ಹೋಗಿದ್ದಾರೆ. ದೇವರು ಅವರನ್ನು ಚೆನ್ನಾಗಿಟ್ಟಿರಲಿ. ನಿಯಮ ಎಲ್ಲರಿಗೂ ಒಂದೇ ಎನ್ನುತ್ತೀರಿ. ಹಾಗಾದರೆ ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಹಚ್ಚಿದ ಕೈ ಯಾರದು ಸ್ವಾಮಿ?

ನಾವು ದಯೆ ಬೇಡುತ್ತಿಲ್ಲ. ಶುಕ್ರವಾರದೊಳಗೆ ಅಕ್ಕನನ್ನು ಕರೆಸಿ, ಚಿಕಿತ್ಸೆಯ ದಿನ ಗೊತ್ತುಮಾಡಿ. ಇಲ್ಲವಾದರೆ ಸೋಮವಾರದಿಂದ ನಿಮ್ಮ ಕೋಣೆಯ ಬಾಗಿಲಲ್ಲಿ ನಾವು ಸರದಿಯ ಮೇಲೆ ಕೂರುತ್ತೇವೆ. ಕರಿದ ಕೋಳಿ, ಬೇಯಿಸಿದ ಸೊಪ್ಪು ಕಟ್ಟಿಕೊಂಡೇ ಬರುತ್ತೇವೆ, ನಿಮಗೂ ಬಡಿಸುತ್ತೇವೆ. ಒಬ್ಬಳು ಎದ್ದರೆ ಇನ್ನೊಬ್ಬಳು ಕೂರುತ್ತಾಳೆ. ಒಬ್ಬ ಮನುಷ್ಯನನ್ನು ತಿಂಗಳುಗಟ್ಟಲೆ ಒಂದು ಗಳಿಗೆಯೂ ಬಿಡದೆ ಕಾಯುವುದು ನಮಗೆ ಬರುತ್ತದೋ ಇಲ್ಲವೋ, ತಾವೇ ಅನುಭವಿಸಿ ನೋಡಿ.

ಇಂತಿ,
ತಮ್ಮ ಲೆಕ್ಕದಲ್ಲಿ ಆಕೆಗೆ ಏನೂ ಆಗದವಳು,
ಕ್ಲಾರಿಸ್ ಟಿಡ್‌ವೆಲ್